8 ವ್ಯಾಟ್ ಆಂಪ್‌ಗೆ ಸ್ಪೀಕರ್ ಹುಡುಕಾಟ: ಐದನೇ ವಾರ

ಅಂತೂ ಸ್ಪೀಕರ್ ಬಂತು. ಹೊಸದಾಗಿ ಓದೋರಿಗೆ ಹಿಂದಿನ ಕಥೆ ಇಷ್ಟು: ನನ್ ಹತ್ರ ಇರೋದು ಚಾನಲ್‌ಗೆ 8 ವ್ಯಾಟ್ ಕೊಡೋ ಪುಟ್ಟ ವಾಲ್ವ್ ಆಂಪ್ (ಆಂಪ್ಲಿಫೈಯರ್), ಜೊತೆಗೆ 84 ಡಿಬಿ (ಡೆಸಿಬೆಲ್) ಸೆನ್ಸಿಟಿವಿಟಿಯ, ಅಂದ್ರೆ 1 ವ್ಯಾಟ್ ಕೊಟ್ರೆ ಒಂದು ಮೀಟರ್ ದೂರದಲ್ಲಿ ಅಷ್ಟು ಜೋರಾಗಿ ಕೇಳೋ, ಹಳೇ ಬುಕ್‌ಶೆಲ್ಫ್ ಸ್ಪೀಕರ್, ವಾಲ್ಯೂಮ್ ಸ್ವಲ್ಪ ಜಾಸ್ತಿ ಮಾಡಿದ್ರೆ ಡ್ರಮ್ ಏಟೆಲ್ಲ ಚಪ್ಪಟೆ, ಬೇಸ್ ಅಂತೂ ಹೆಸರಿಗಷ್ಟೇ.

ಲೆಕ್ಕ ಹಾಕಿದ್ರೆ ಕಾರಣ ಗೊತ್ತಾಗುತ್ತೆ. 3 ಡಿಬಿ ಜಾಸ್ತಿ ಬೇಕಂದ್ರೆ ಪವರ್ ಎರಡರಷ್ಟು ಬೇಕು, 10 ಡಿಬಿಗೆ ಹತ್ತರಷ್ಟು. 84 ಡಿಬಿ ಸ್ಪೀಕರ್‌ಗೆ 8 ವ್ಯಾಟ್ ಪೂರ್ತಿ ಸುರಿದ್ರೂ ಒಂದು ಮೀಟರ್‌ನಲ್ಲಿ 93 ಡಿಬಿ, ಅಲ್ಲಿಗೆ ಮುಗೀತು. ಅದೇ 95 ಡಿಬಿ ಸ್ಪೀಕರ್ ಆದ್ರೆ 104, ಅಂದ್ರೆ ಹಳೇ ಸ್ಪೀಕರ್‌ಗೆ 100 ವ್ಯಾಟ್ ಆಂಪ್ ಹಾಕ್ದಂಗೆ.

ಸ್ಪೆಕ್ ಓದುವಾಗ ಒಂದ್ಸಲ ಮೋಸ ಹೋದೆ. 2.83 ವೋಲ್ಟ್‌ಗೆ 92 ಡಿಬಿ ಅಂತ ಬರೆದಿದ್ರು, ನಾನು ಖುಷಿಯಾಗಿ ಲಿಸ್ಟಿಗೆ ಸೇರಿಸ್ಕೊಂಡೆ, ಆಮೇಲೆ ನೋಡಿದ್ರೆ ಅದು 4 ಓಮ್ ಸ್ಪೀಕರ್. 8 ಓಮ್‌ಗೆ 2.83 ವೋಲ್ಟ್ ಅಂದ್ರೆ 1 ವ್ಯಾಟ್, 4 ಓಮ್‌ಗೆ 2 ವ್ಯಾಟ್. 1 ವ್ಯಾಟ್ ಲೆಕ್ಕಕ್ಕೆ ಅದು 89 ಅಷ್ಟೇ.

ಬೇಸ್ ವಿಷಯಕ್ಕೆ ಬಂದ್ರೆ ಹಾಫ್‌ಮನ್ ಐರನ್ ಲಾ ಅಡ್ಡ ಬರುತ್ತೆ. ಅಮೆರಿಕದ ಸ್ಪೀಕರ್ ಕಂಪನಿ ಕೆಎಲ್‌ಎಚ್ ಹೆಸರಲ್ಲಿರೋ ಎಚ್ ಇದಾರಲ್ಲ, ಅವರೇ ಈ ಹಾಫ್‌ಮನ್. ಸಣ್ಣ ಪೆಟ್ಟಿಗೆ, ಆಳದ ಬೇಸ್, ಹೆಚ್ಚು ಎಫಿಶಿಯೆನ್ಸಿ (ಕಮ್ಮಿ ಪವರ್‌ಗೆ ಜಾಸ್ತಿ ಸದ್ದು), ಮೂರರಲ್ಲಿ ಎರಡು ತಗೋ, ಮೂರನೇದು ಬಿಡು. ಅದೇ ಸೈಜಿನ ಪೆಟ್ಟಿಗೆ ಇಟ್ಕೊಂಡು ಬೇಸ್ 60 ಹರ್ಟ್ಜ್‌ನಿಂದ 30ಕ್ಕೆ (ಹರ್ಟ್ಜ್ ಕಮ್ಮಿ ಆದಷ್ಟೂ ಸ್ವರ ಆಳ) ಇಳಿಸ್ತೀನಿ ಅಂದ್ರೆ ಎಫಿಶಿಯೆನ್ಸಿ ಎಂಟನೇ ಒಂದು ಭಾಗಕ್ಕೆ ಇಳಿಯುತ್ತೆ, ಅಂದ್ರೆ 9 ಡಿಬಿ ಹೋಯ್ತು. ಹಾಗಾಗಿ ಪುಟ್ಟ ಪೆಟ್ಟಿಗೆ ತೋರ್ಸಿ 95 ಡಿಬಿ, 30 ಹರ್ಟ್ಜ್ ಎರಡೂ ಇದೆ ಅನ್ನೋರನ್ನ ನಾನು ನಂಬಲ್ಲ. ನಾನು ಜಾಗ ಬಿಟ್ಕೊಟ್ಟೆ: ಬೇಸ್‌ಗೆ 12 ಇಂಚಿನ ವೂಫರ್, ಮೇಲಿನ ಸ್ವರಗಳಿಗೆ ಅದರ ಮೇಲೆ ಹಾರ್ನ್, ಹತ್ರಹತ್ರ 100 ಲೀಟರ್ ಪೆಟ್ಟಿಗೆ, ಮುಂದೆ ಪೋರ್ಟ್ (ಬೇಸ್‌ಗೆ ಅಂತ ಬಿಟ್ಟಿರೋ ಗಾಳಿ ತೂತು), ಬೇಸ್ ಸುಮಾರು 45 ಹರ್ಟ್ಜ್ ತನಕ. ಬೇಸ್ ಗಿಟಾರ್‌ನ ಅತಿ ಕೆಳಗಿನ ಸ್ವರದ ತಂತಿ 41 ಹರ್ಟ್ಜ್, ಕೋಣೆಯ ಗೋಡೆ ಒಂಚೂರು ಸಹಾಯ ಮಾಡಿದ್ರೆ ಸಾಕು. ಅಕ್ಕ ಬಂದು ನೋಡಿ "ಇದೇನೋ, ಎರಡು ಬೀರು ತಂದಿದೀಯಾ" ಅಂದ್ಳು.

ಹಾಕಿದ ತಕ್ಷಣ ಡ್ರಮ್ ಎದೆಗೇ ಬಡೀತು, ವಾಲ್ಯೂಮ್ ಇನ್ನೂ ಕಾಲುಭಾಗದಲ್ಲೇ ಇತ್ತು. ಆದ್ರೆ ಆಳದ ಬೇಸ್ ಇಲ್ಲ! ಸ್ಪೀಕರನ್ನ ಕೋಣೆ ಮೂಲೆಗೆ ತಳ್ಳಿದೆ, ಆಗ ಒಂದೆರಡು ಸ್ವರ ಮಾತ್ರ ಗುಂಯ್ ಅಂತ ಊದ್ಕೊಂಡ್ವು, ಪೋರ್ಟ್‌ಗೆ ಕಾಲುಚೀಲ ತುರುಕಿದೆ, ಅದು ಕಮ್ಮಿ ಆಯ್ತು, ಕೆಳಗಿನ ಸ್ವರ ಬರಲೇ ಇಲ್ಲ. ತಲೆಕೆಟ್ಟು ಎದ್ದು ಕಿಟಕಿ ಹಾಕೋಣ ಅಂತ ಹಿಂದಿನ ಗೋಡೆ ಹತ್ರ ಹೋದ್ರೆ ಅಲ್ಲಿ ಬೇಸ್ ರಾಶಿ ಬಿದ್ದಿದೆ.

ಟೇಪ್ ತಗೊಂಡು ಅಳೆದೆ, ಕೋಣೆ ಉದ್ದ 4.5 ಮೀಟರ್. ಶಬ್ದದ ವೇಗ ಸೆಕೆಂಡಿಗೆ 343 ಮೀಟರ್, ಅದನ್ನ ಕೋಣೆ ಉದ್ದದ ಎರಡರಷ್ಟರಿಂದ ಭಾಗಿಸಿದ್ರೆ 38 ಹರ್ಟ್ಜ್, ಕೋಣೆಯ ಮೊದಲನೇ ಮೋಡ್, ಅಂದ್ರೆ ಎದುರುಬದುರು ಗೋಡೆಗಳ ನಡುವೆ ಸದ್ದಿನ ಅಲೆ ನಿಂತುಬಿಡೋ ಸ್ವರ. ಅದು ಗೋಡೆಗಳ ಹತ್ರ ಜೋರು, ನಟ್ಟನಡುವೆ ಹೆಚ್ಚುಕಮ್ಮಿ ಸೊನ್ನೆ. ನನ್ನ ಕುರ್ಚಿ ಎಲ್ಲಿತ್ತು? ನಟ್ಟನಡುವೆ, ವರ್ಷಗಳಿಂದ.

ಕುರ್ಚಿ ಮುಕ್ಕಾಲು ಮೀಟರ್ ಹಿಂದಕ್ಕೆ ಹೋಯ್ತು, ಸ್ಪೀಕರ್ ಮೂಲೆಯಿಂದ ಎರಡಡಿ ಈಚೆ ಬಂತು, ಕಾಲುಚೀಲ ಒಗೆಯಕ್ಕೆ ಹೋಯ್ತು. ಕೆಳಗಿನ ತಂತಿ ಈಗ ನೆಲದಿಂದ ಎದ್ದು ಬರ್ತಿದೆ. ಕುತೂಹಲಕ್ಕೆ ಹಳೇ ಬುಕ್‌ಶೆಲ್ಫ್‌ನೂ ಹೊಸ ಕುರ್ಚಿ ಜಾಗದಿಂದ ಕೇಳ್ದೆ. ಜೋರು ಮಾಡಿದ್ರೆ ಅದೇ ಚಪ್ಪಟೆ, ಆದ್ರೆ ಮೆಲ್ಲಗೆ ಇಟ್ಟಾಗ ಬೇಸ್ ಪರವಾಗಿಲ್ಲ ಕಣ್ರೀ, ಪಾಪ ಅದನ್ನ ಇಷ್ಟು ದಿನ ಸುಮ್ನೆ ಬೈತಿದ್ದೆ.

ಎಡಗಡೆ ಪೆಟ್ಟಿಗೆ ಹಿಂಬದಿಯಲ್ಲಿ ಟರ್ಮಿನಲ್ ಸಂದಿಯಿಂದ ಗಾಳಿ ಸೋರೋ ಸುಯ್ ಸದ್ದು ಇದೆ, ಈ ಭಾನುವಾರ ಫೋಮ್ ಟೇಪ್ ಹಚ್ಚಿ ನೋಡ್ತೀನಿ.