ಬೆಂಗಳೂರು–ಶಿವಮೊಗ್ಗ ವಿಮಾನ: ಗಂಟೆಯ ಲೆಕ್ಕ ಮನೆ ಬಾಗಿಲಿನಿಂದ ಹಾಕಿ

ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಿಂದ ಶಿವಮೊಗ್ಗ ಬಳಿ ಸೋಗಾನೆಯಲ್ಲಿರುವ ರಾಷ್ಟ್ರಕವಿ ಕುವೆಂಪು ವಿಮಾನ ನಿಲ್ದಾಣಕ್ಕೆ ನೇರ ಗೆರೆ ಎಳೆದರೆ ಸುಮಾರು 240 ಕಿ.ಮೀ. ಇಲ್ಲಿ ಹಾರುವ ಎಟಿಆರ್ ಎಂಬ ಸಣ್ಣ ಪ್ರೊಪೆಲ್ಲರ್ ವಿಮಾನದ ವೇಗ ಗಂಟೆಗೆ 500 ಕಿ.ಮೀ. ಆಸುಪಾಸು. ಹಾಗಾದರೆ ಅರ್ಧ ಗಂಟೆ ಸಾಕಲ್ಲ ಅನ್ನಿಸುತ್ತದೆ. ಆದರೆ ರನ್‌ವೇಗೆ ಕಾಯುವುದು, ಮೇಲೇರುವುದು, ಇಳಿಯುವುದು ಎಲ್ಲ ಸೇರಿ ಟಿಕೆಟ್‌ನಲ್ಲಿ ಕಾಣುವುದು ಒಂದು ಗಂಟೆಗೂ ಸ್ವಲ್ಪ ಹೆಚ್ಚು.

ನಿಜವಾದ ಲೆಕ್ಕ ಬೇರೆಯೇ ಇದೆ. ಜಯನಗರದ ಕಡೆಯವರಿಗೆ ನಿಲ್ದಾಣ ತಲುಪಲು ಒಂದೂವರೆಯಿಂದ ಎರಡು ಗಂಟೆ. ಚೆಕ್-ಇನ್ ಕೌಂಟರ್ ಸಾಮಾನ್ಯವಾಗಿ ಒಂದು ಗಂಟೆ ಮೊದಲೇ ಮುಚ್ಚುವುದರಿಂದ, ಭದ್ರತಾ ತಪಾಸಣೆಯೂ ಸೇರಿ ಅಲ್ಲಿ ಒಂದೂವರೆ ಗಂಟೆ. ಇಳಿದ ಮೇಲೆ ಊರೊಳಗೆ ಬರಲು ಅರ್ಧ ಗಂಟೆ. ಒಟ್ಟು ಐದು ಗಂಟೆಯಾಯಿತು! ಮೆಜೆಸ್ಟಿಕ್‌ನಿಂದ ಹೊರಡುವ ಜನಶತಾಬ್ದಿ ರೈಲೂ ಹೆಚ್ಚುಕಡಿಮೆ ಅಷ್ಟರಲ್ಲೇ ಶಿವಮೊಗ್ಗ ಟೌನ್‌ಗೆ ತಂದು ಬಿಡುತ್ತದೆ, ಅದೂ ತೀರಾ ಕಡಿಮೆ ದುಡ್ಡಿಗೆ. ಹೆಬ್ಬಾಳ, ಯಲಹಂಕದವರಿಗೆ ಮಾತ್ರ ವಿಮಾನದಿಂದ ಸಮಯ ಉಳಿಯುತ್ತದೆ.

ಹಾಗಂತ ವಿಮಾನ ಬೇಡ ಎನ್ನಲಾರೆ. ದೆಹಲಿಯಿಂದಲೋ ವಿದೇಶದಿಂದಲೋ ಬಂದಿಳಿಯುವ ಮಲೆನಾಡಿನ ಮಕ್ಕಳಿಗೆ ಇದು ವರವೇ ಸರಿ. ಲಗೇಜು ಎಳೆದುಕೊಂಡು ಮೆಜೆಸ್ಟಿಕ್‌ವರೆಗೆ ಬರುವ ಕಷ್ಟ ತಪ್ಪಿತು. ಸಾಧ್ಯವಾದರೆ ಎರಡೂ ಹಾರಾಟವನ್ನು ಒಂದೇ ಟಿಕೆಟ್‌ನಲ್ಲಿ ಮಾಡಿಸಿ. ಮೊದಲನೆಯದು ತಡವಾದರೆ ಮುಂದಿನ ವ್ಯವಸ್ಥೆ ಕಂಪನಿಯ ಹೊಣೆ. ಬೇರೆ ಬೇರೆ ಟಿಕೆಟ್ ಆದರೆ ನಡುವೆ ಮೂರ್ನಾಲ್ಕು ಗಂಟೆ ಬಿಡಿ, ಯಾವ ಟರ್ಮಿನಲ್ ಎಂದೂ ನೋಡಿಕೊಳ್ಳಿ.

ಅಮ್ಮನನ್ನು ಕರೆದುಕೊಂಡು ಹೋದಾಗ ನನಗೆ ಬಹಳ ಹಿಡಿಸಿದ್ದು ಕಿಟಕಿ. ಎಟಿಆರ್‌ನ ರೆಕ್ಕೆ ಕಿಟಕಿಗಿಂತ ಮೇಲಿರುತ್ತದೆ, ಹಾಗಾಗಿ ಕೆಳಗಿನ ನೆಲ ಚೆನ್ನಾಗಿ ಕಾಣುತ್ತದೆ. ಬಯಲುಸೀಮೆಯ ಕೆಂಪು ನೆಲ ಮುಗಿದು ಅಡಿಕೆ ತೋಟಗಳ ಹಸಿರು ಶುರುವಾಗುವುದನ್ನು ಅಮ್ಮ ಕಣ್ಣು ತೆಗೆಯದೆ ನೋಡಿದರು. ಹತ್ತುವುದು ಹಿಂದಿನ ಬಾಗಿಲಿನಿಂದ. ಮಂಡಿನೋವಿನವರಿಗೆ ಹಿಂದಿನ ಸಾಲಿನ ಸೀಟು ಅನುಕೂಲ, ಗಾಲಿಕುರ್ಚಿ ಬೇಕಿದ್ದರೆ ಟಿಕೆಟ್ ಮಾಡಿಸುವಾಗಲೇ ಹೇಳಿ.

ವಾಪಸು ಬರುವಾಗ ಮಿಡಿ ಉಪ್ಪಿನಕಾಯಿ, ಜೋನಿ ಬೆಲ್ಲದ ಡಬ್ಬಿಗಳು ಚೆಕ್-ಇನ್ ಪೆಟ್ಟಿಗೆಯಲ್ಲಿರಲಿ, ಕೈಚೀಲದಲ್ಲಿ ಬೇಡ.

ಮಳೆಗಾಲದಲ್ಲಿ ಜಾಗ್ರತೆ. ಮೋಡ ಕವಿದು ರನ್‌ವೇ ಕಾಣದಿದ್ದರೆ ವಿಮಾನ ತಡವಾಗಬಹುದು, ಇಳಿಯದೆ ಹಿಂತಿರುಗಲೂಬಹುದು. ಮದುವೆ, ಆಸ್ಪತ್ರೆ, ಕೋರ್ಟು ಅಂತ ತಪ್ಪಿಸಲಾಗದ ಕೆಲಸವಿದ್ದರೆ ಹಿಂದಿನ ದಿನವೇ ಹೊರಡಿ.

ಸೋಗಾನೆ ಇರುವುದು ಊರಿನ ದಕ್ಷಿಣಕ್ಕೆ, ಭದ್ರಾವತಿ ಕಡೆ. ತೀರ್ಥಹಳ್ಳಿ, ಸಾಗರ, ಜೋಗಕ್ಕೆ ಹೋಗುವವರು ಶಿವಮೊಗ್ಗ ದಾಟಿಯೇ ಹೋಗಬೇಕು. ತೀರ್ಥಹಳ್ಳಿಗೆ ಇನ್ನೂ ಒಂದೂವರೆ ಗಂಟೆಗೆ ಮೇಲೆ, ಜೋಗಕ್ಕೆ ಎರಡೂವರೆ ಗಂಟೆ ಹಿಡಿಯುತ್ತದೆ. ಟ್ಯಾಕ್ಸಿಯನ್ನು ಮೊದಲೇ ಗೊತ್ತುಮಾಡಿ, ಬಾಡಿಗೆ ಮಾತಾಡಿಕೊಂಡೇ ವಿಮಾನ ಹತ್ತಿ.