ಫ್ಯಾನ್ ತಿರುಗುತ್ತೆ, ಡಿಸ್‌ಪ್ಲೇ ಬರಲ್ಲ

ಮನೆಯಲ್ಲೇ ಜೋಡಿಸಿದ ಡೆಸ್ಕ್‌ಟಾಪ್ ಬಗ್ಗೆ ಪದೇಪದೇ ಕೇಳಿಬರುವ ದೂರು ಇದು. ಬಟನ್ ಒತ್ತಿದರೆ ಫ್ಯಾನ್ ತಿರುಗುತ್ತೆ, ಲೈಟೂ ಉರಿಯುತ್ತೆ, ಮಾನಿಟರ್ ಮಾತ್ರ ‘ನೋ ಸಿಗ್ನಲ್’ ಅಂತ ಕಪ್ಪಗೆ ಕೂತಿರುತ್ತೆ. ಫ್ಯಾನ್ ತಿರುಗಿದರೆ ಪವರ್ ಸರಿಯಿದೆ ಅಂದುಕೊಳ್ಳುವುದೇ ಮೊದಲ ತಪ್ಪು ಲೆಕ್ಕ. ಫ್ಯಾನಿಗೆ ಬೇಕಾದ್ದು 12 ವೋಲ್ಟ್ ಅಷ್ಟೇ. ಪ್ರೊಸೆಸರ್ ಸತ್ತಿದ್ದರೂ ಆರಾಮಾಗಿ ತಿರುಗುತ್ತೆ. ಎರಡನೇ ತಪ್ಪು, ಗಾಬರಿಬಿದ್ದು ಬೆಂಗಳೂರಿನ ಎಸ್‌.ಪಿ. ರೋಡಿಗೆ ಓಡಿ ಹೊಸ ರ‍್ಯಾಮ್ ತರುವುದು. ಇರುವುದನ್ನೇ ಒಂದೊಂದಾಗಿ ಕಳಚಿದರೆ ಕಾಸು ಖರ್ಚಿಲ್ಲದೆ ಕಳ್ಳ ಸಿಗುತ್ತಾನೆ.

ಕಳಚುವ ಮೊದಲು ಎರಡು ಕಡೆ ಕಣ್ಣಾಡಿಸಿ. ಗ್ರಾಫಿಕ್ಸ್ ಕಾರ್ಡ್ ಇದ್ದರೆ ಮಾನಿಟರ್ ಕೇಬಲ್ ಕಾರ್ಡಿಗೇ ಹೋಗಿರಬೇಕು. ರೈಝೆನ್ 5 5600, ಅಥವಾ ಹೆಸರಿನ ಕೊನೆಗೆ ‘ಎಫ್’ ಇರುವ ಇಂಟೆಲ್ ಪ್ರೊಸೆಸರುಗಳಲ್ಲಿ ಒಳಗಿನ ಗ್ರಾಫಿಕ್ಸ್ ಇಲ್ಲ. ಮದರ್‌ಬೋರ್ಡಿನ ಎಚ್‌ಡಿಎಂಐಗೆ ಚುಚ್ಚಿದರೆ ಏನೂ ಬರುವುದಿಲ್ಲ. ಇನ್ನೊಂದು, ಬೋರ್ಡಿನ ಮೇಲ್ಮೂಲೆಯ 8 ಪಿನ್ನಿನ ಸಿಪಿಯು (ಪ್ರೊಸೆಸರ್) ಪವರ್. ದೊಡ್ಡ 24 ಪಿನ್ ಹಾಕಿ ಇದನ್ನು ಮರೆಯುವವರು ಬಹಳ. ಗ್ರಾಫಿಕ್ಸ್ ಕಾರ್ಡಿನ 6+2 ಕೇಬಲ್ ಇದರಂತೆಯೇ ಕಾಣುತ್ತೆ, ಆದರೆ ಅದರಲ್ಲಿ 12 ವೋಲ್ಟ್ ಮತ್ತು ಗ್ರೌಂಡ್ ಅದಲುಬದಲು. ಕೂರದಿದ್ದರೆ ಒತ್ತಾಯ ಬೇಡ. ಎಸ್‌ಎಂಪಿಎಸ್ (ಪವರ್ ಕೊಡುವ ಡಬ್ಬ) ಮಾಡ್ಯುಲರ್, ಅಂದರೆ ಕೇಬಲ್ ಕಳಚಬಹುದಾದದ್ದು ಆದರೆ ಹಳೆಯದರ ಕೇಬಲ್ ಹೊಸದಕ್ಕೆ ಹಾಕಲೇಬೇಡಿ. ಎಸ್‌ಎಂಪಿಎಸ್ ಕಡೆಯ ಪಿನ್ ಜೋಡಣೆ ಕಂಪನಿಗೊಂದು ಥರ ಇರುತ್ತೆ, ಹಾರ್ಡ್‌ಡಿಸ್ಕ್ ಸುಟ್ಟೀತು.

ಈಗ ಕಳಚಿ. ಉಳಿಯಬೇಕಾದದ್ದು ಇಷ್ಟೇ: ಬೋರ್ಡು, ಪ್ರೊಸೆಸರ್, ಅದರ ಕೂಲರ್, ಒಂದೇ ಒಂದು ರ‍್ಯಾಮ್, ಎಸ್‌ಎಂಪಿಎಸ್. ಒಳಗಿನ ಗ್ರಾಫಿಕ್ಸ್ ಇಲ್ಲದಿದ್ದರೆ ಮಾತ್ರ ಕಾರ್ಡ್ ಇರಲಿ. ಬೋರ್ಡನ್ನು ಕ್ಯಾಬಿನೆಟ್ಟಿನಿಂದ ತೆಗೆದು ಅದರದೇ ರಟ್ಟಿನ ಡಬ್ಬದ ಮೇಲಿಡಿ. ಸ್ಟ್ಯಾಂಡ್‌ಆಫ್ (ಕ್ಯಾಬಿನೆಟ್ಟಿನಲ್ಲಿ ಬೋರ್ಡನ್ನು ಎತ್ತಿ ಹಿಡಿಯುವ ಪುಟ್ಟ ಲೋಹದ ಕಾಲು) ಒಂದು ತಪ್ಪು ಜಾಗದಲ್ಲಿದ್ದು ಬೋರ್ಡಿನ ಬೆನ್ನಿಗೆ ತಗುಲಿ ಶಾರ್ಟ್ ಆಗಿದ್ದರೆ ಇಲ್ಲೇ ಗೊತ್ತಾಗುತ್ತೆ. ಪವರ್ ಸ್ವಿಚ್‌ನ ಎರಡು ಪಿನ್ನುಗಳಿಗೆ ಸ್ಕ್ರೂಡ್ರೈವರ್ ತುದಿ ಕ್ಷಣ ಮುಟ್ಟಿಸಿದರೆ ಆನ್ ಆಗುತ್ತೆ.

ಹೆಚ್ಚು ತಾಳ್ಮೆ ಬೇಡುವುದು ರ‍್ಯಾಮ್. ನಾಲ್ಕು ಸ್ಲಾಟ್ ಇದ್ದರೆ, ಬಹುತೇಕ ಬೋರ್ಡುಗಳಲ್ಲಿ ಒಂಟಿ ರ‍್ಯಾಮ್ ಪ್ರೊಸೆಸರ್ ಕಡೆಯಿಂದ ಎರಡನೆಯದಕ್ಕೆ, ಜೋಡಿ ಎರಡು ಮತ್ತು ನಾಲ್ಕಕ್ಕೆ. ಒಂದೇ ಕಡೆ ಕ್ಲಿಪ್ ಇರುವ ಬೋರ್ಡುಗಳಲ್ಲಿ ಇನ್ನೊಂದು ತುದಿ ಪೂರ್ತಿ ಕೂತಂತೆ ಕಂಡರೂ ಕೂತಿರುವುದಿಲ್ಲ. ಎರಡೂ ತುದಿ ಹೆಬ್ಬೆರಳಿನಿಂದ ಒತ್ತಿ. ಡಿಡಿಆರ್5 ಆದರೆ ಮೊದಲ ಸಲ ಮೆಮೊರಿ ಟ್ರೈನಿಂಗ್‌ಗೆ (ಬೋರ್ಡು ರ‍್ಯಾಮಿಗೆ ಹೊಂದಿಕೊಳ್ಳುವ ಕೆಲಸ) ಹಲವು ನಿಮಿಷ ಬೇಕು, ಅಷ್ಟೂ ಹೊತ್ತು ಪರದೆ ಕಪ್ಪು. ಅರ್ಧದಲ್ಲಿ ಆಫ್ ಮಾಡಿದರೆ ಮತ್ತೆ ಮೊದಲಿನಿಂದ ಶುರು. ಕಾಲು ಗಂಟೆ ಬಿಡಿ, ಕಾಫಿ ಕುಡಿದು ಬನ್ನಿ. ಸಿಮೋಸ್ ಕ್ಲಿಯರ್ ಮಾಡಿದ (ಬೋರ್ಡಿನ ಸೆಟ್ಟಿಂಗ್ ಅಳಿಸಿ ಮೊದಲಿನಂತೆ ಮಾಡಿದ) ಮೇಲೂ ಇದೇ ಕಥೆ.

ಮಂಗಳೂರು, ಕಾರವಾರದ ಕಡೆ ಮಳೆಗಾಲದ ತೇವ, ಉಪ್ಪುಗಾಳಿಗೆ ರ‍್ಯಾಮಿನ ಅಂಚಿನ ಕಾಂಟ್ಯಾಕ್ಟುಗಳು ಮಂಕಾಗುತ್ತವೆ, ಕೆಲವೊಮ್ಮೆ ಕಿಲುಬೂ ಹಿಡಿಯುತ್ತೆ. ರಿಪೇರಿ ಅಂಗಡಿಯವರ ಅಸ್ತ್ರ ಪೆನ್ಸಿಲ್ ರಬ್ಬರ್. ಕೆಲಸವಾಗುತ್ತೆ ನಿಜ, ಆದರೆ ಚಿನ್ನದ ಲೇಪ ತೀರಾ ತೆಳು, ಉಜ್ಜಿದಷ್ಟೂ ಸವೆಯುತ್ತೆ. 99 ಪರ್ಸೆಂಟಿನ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟೆಯೇ ಮೇಲು.

ಬೋರ್ಡಿನಲ್ಲಿ ಸಿಪಿಯು, ಡಿರ‍್ಯಾಮ್, ವಿಜಿಎ (ಗ್ರಾಫಿಕ್ಸ್), ಬೂಟ್ (ಡಿಸ್ಕ್) ಎಂಬ ನಾಲ್ಕು ಪುಟ್ಟ ದೀಪಗಳಿದ್ದರೆ ಅರ್ಧ ಕೆಲಸ ಮುಗಿದಂತೆ: ಯಾವುದು ಉರಿದೇ ಉಳಿಯಿತೋ ತೊಂದರೆ ಅಲ್ಲಿದೆ. ಹಳೆಯ ಬಿ450 ಬೋರ್ಡಿಗೆ ರೈಝೆನ್ 5000 ಸರಣಿಯ ಪ್ರೊಸೆಸರ್ ಹಾಕಿದ್ದರೆ ಬಯಾಸ್ (ಬೋರ್ಡಿನೊಳಗಿನ ಮೂಲ ತಂತ್ರಾಂಶ) ಹಳೆಯದಾಗಿರಬಹುದು, ಅಪ್‌ಡೇಟ್ ಬೇಕು. ಒಂದು ಬದಿಯ ರ‍್ಯಾಮ್ ಸ್ಲಾಟುಗಳಷ್ಟೇ ಸತ್ತಿದ್ದರೆ ರ‍್ಯಾಮನ್ನು ಬೈಯಬೇಡಿ. ಸಾಕೆಟ್ಟಿನ ಪಿನ್ ಬಗ್ಗಿರಬಹುದು, ಇಲ್ಲವೇ ಕೂಲರ್ ಒಂದು ಕಡೆ ಜಾಸ್ತಿ ಬಿಗಿಯಾಗಿರಬಹುದು.

ಎಸ್‌ಎಂಪಿಎಸ್ ಮೇಲೇ ಅನುಮಾನವಿದ್ದರೆ 24 ಪಿನ್ ಕಳಚಿ, ಹಸಿರು ತಂತಿಯ ಪಿನ್ನಿಗೂ ಪಕ್ಕದ ಕಪ್ಪಿಗೂ ಒಂದು ತುಂಡು ವೈರ್ ಸೇರಿಸಿ ಸ್ವಿಚ್ ಹಾಕಿ. ಮಲ್ಟಿಮೀಟರಿನಲ್ಲಿ ಹಳದಿ 11.4ರಿಂದ 12.6, ಕೆಂಪು 4.75ರಿಂದ 5.25 ವೋಲ್ಟಿನೊಳಗೆ ಇರಬೇಕು. ಹೊರೆ ಇಲ್ಲದೆ ಸರಿ ತೋರಿಸಿ, ಗೇಮ್ ಶುರುವಾದ ಕೂಡಲೇ ಕುಸಿಯುವವೂ ಇವೆ. ಒಳಗೆ ಬಿಚ್ಚಬೇಡಿ, ಪ್ಲಗ್ ಕಿತ್ತ ಮೇಲೂ ದೊಡ್ಡ ಕೆಪಾಸಿಟರಿನಲ್ಲಿ 300 ವೋಲ್ಟಿಗೂ ಮೇಲೆ ಉಳಿದಿರಬಹುದು.

ಕ್ಯಾಬಿನೆಟ್ ಮುಟ್ಟಿದರೆ ಜುಮ್ಮೆನ್ನುತ್ತಿದೆಯೇ? ಗೋಡೆಯ ಸಾಕೆಟ್ಟಿನಲ್ಲಿ ಅರ್ಥಿಂಗ್ ಇಲ್ಲದಿರುವ ಸಾಧ್ಯತೆಯೇ ಹೆಚ್ಚು. ಎಸ್‌ಎಂಪಿಎಸ್ ಒಳಗಿನ ಫಿಲ್ಟರ್ ಕೆಪಾಸಿಟರುಗಳು ಬಾಡಿಯನ್ನು ಫೇಸ್ ಮತ್ತು ನ್ಯೂಟ್ರಲ್‌ಗಳ ನಡುವೆ, ಅಂದರೆ ಸುಮಾರು 115 ವೋಲ್ಟಿನಲ್ಲಿ ತೂಗುಹಾಕಿರುತ್ತವೆ. ಆಗ ಕರೆಯಬೇಕಾದವರು ಎಲೆಕ್ಟ್ರಿಷಿಯನ್.

ಬೋರ್ಡೇ ಹೋಗಿದೆ ಅಂತ ಖಚಿತವಾದರೆ ವಾರಂಟಿಗೆ ಕೊಡುವ ಮುನ್ನ ಸಾಕೆಟ್ಟಿನ ಪಿನ್ನುಗಳ ಫೋಟೊ ತೆಗೆದು, ಮೇಲೆ ಹೊಸ ಬೋರ್ಡಿನ ಸಾಕೆಟ್ಟಿನ ಜೊತೆ ಬಂದಿದ್ದ ಕಪ್ಪು ಪ್ಲಾಸ್ಟಿಕ್ ಮುಚ್ಚಳ ಹಾಕಿಯೇ ಕೊಡಿ. ಅದಿಲ್ಲದೆ ಹೋದರೆ ಪಿನ್ ಬಗ್ಗಿದೆ ಅಂತ ವಾಪಸ್ ಕಳಿಸುವುದುಂಟು. ಬೋರ್ಡ್ ತಂದ ದಿನ ಆ ಮುಚ್ಚಳವನ್ನು ಕಸಕ್ಕೆ ಎಸೆಯದಿದ್ದರೆ ಒಳ್ಳೆಯದು.