ಯಾರಿಗೆ ಯಾವ ಕಾದಂಬರಿ: ಸಾಗರದ ಒಂದು ಮಳೆಗಾಲದ ಡೈರಿ

ಆರಿದ್ರೆ ಮಳೆ, 2025

ನಮ್ಮದು ಸಾಗರದಲ್ಲೊಂದು ಜೆರಾಕ್ಸ್ ಅಂಗಡಿ. ಕೌಂಟರ್ ಪಕ್ಕದ ಗಾಜಿನ ಕಪಾಟಿನಲ್ಲಿ ಕಾದಂಬರಿಗಳಿವೆ. ಬೇಕಾದವರು ಒಯ್ದು ಓದಿ ತಂದುಕೊಡುತ್ತಾರೆ. ಮಳೆಗಾಲದಲ್ಲಿ ಇಲ್ಲಿ ಕರೆಂಟು ಹೋದರೆ ಬರುವುದು ಯಾವಾಗಲೋ. ಹಾಗೆ ಕಾಯುತ್ತ ಕೂತವರೇ ಈ ಕಪಾಟಿನ ಮೊದಲ ಗಿರಾಕಿಗಳು.

"ಒಂದು ಒಳ್ಳೇ ಪುಸ್ತಕ ಹೇಳಿ" ಅಂತ ಕೇಳುತ್ತಾರೆ. ಒಳ್ಳೇದು ಸರಿ, ಯಾರಿಗೆ? ಈ ಮಳೆಗಾಲ ಅದನ್ನೇ ಸ್ವಲ್ಪ ಶಿಸ್ತಾಗಿ ನೋಡೋಣ ಅಂತ ಹೊರಟಿದ್ದೇನೆ. ಪ್ರತಿ ಪುಸ್ತಕದ ಹಿಂದಿನ ರಟ್ಟಿನೊಳಗೆ ಒಂದು ಚೀಟಿ. ಪ್ರತಿ ಓದುಗರಿಗೆ ನೋಟ್‌ಬುಕ್ಕಿನಲ್ಲಿ ಒಂದು ಪುಟ. ಚೀಟಿಯಲ್ಲಿ ಕಥೆ ಯಾವುದರ ಬಗ್ಗೆ ಅಂತ ಬರೆಯುವುದಿಲ್ಲ. ಹೇಳುತ್ತಿರುವುದು ಯಾರು, ಜನ ಎಷ್ಟು, ಎಷ್ಟನೇ ಪುಟಕ್ಕೆ ಕಥೆ ಹಿಡಿಯುತ್ತದೆ, ಮಾತು ಯಾವ ಸೀಮೆಯದು, ಕೊನೆಗೆ ಗಂಟು ಬಿಚ್ಚುತ್ತಾರಾ ಇಲ್ಲಾ ಹಾಗೇ ಬಿಡ್ತಾರಾ. ಇಷ್ಟೇ.

ವಿಷಯ ನೋಡಿ ಪುಸ್ತಕ ಕೊಡುವುದರಲ್ಲಿ ನನಗೆ ನಂಬಿಕೆ ಇಲ್ಲ. ಎಂ.ಕೆ. ಇಂದಿರಾ ತೀರ್ಥಹಳ್ಳಿಯವರು. ಅನಂತಮೂರ್ತಿ ಅದೇ ತಾಲ್ಲೂಕಿನ ಮೇಳಿಗೆಯವರು. 1976ರ 'ಫಣಿಯಮ್ಮ', 1965ರ 'ಸಂಸ್ಕಾರ' ಎರಡರಲ್ಲೂ ಮಡಿ-ಮೈಲಿಗೆಯ ಬ್ರಾಹ್ಮಣರ ಮನೆಗಳೇ. ವಿಷಯದ ಲೆಕ್ಕ ಹಿಡಿದರೆ ಒಂದನ್ನು ಮೆಚ್ಚಿದವರಿಗೆ ಇನ್ನೊಂದು ಕಣ್ಣುಮುಚ್ಚಿ ಕೊಡಬಹುದು. ಆದರೆ ಫಣಿಯಮ್ಮನ ಕಥೆ, ಮನೆಯ ಹಿರಿಯಳೊಬ್ಬಳ ಬದುಕನ್ನು ಮನೆಯವರೇ ಕೂತು ಹೇಳಿದ ಹಾಗಿದೆ. ಬಾಲವಿಧವೆಯಾದ ಹುಡುಗಿ ಮುದುಕಿಯಾಗುವವರೆಗೆ ವರ್ಷದ ಮೇಲೆ ವರ್ಷ ಸಾಗುತ್ತದೆ. 'ಸಂಸ್ಕಾರ'ದಲ್ಲಿ ನಾರಣಪ್ಪನ ಹೆಣ ಬಿದ್ದಿದೆ, ಎತ್ತುವವರಿಲ್ಲ, ಅದು ಎದ್ದು ಹೋಗುವ ತನಕ ಅಗ್ರಹಾರಕ್ಕೆ ಊಟ ಇಲ್ಲ. ಕಥೆ ಮಾತ್ರ ಪ್ರಾಣೇಶಾಚಾರ್ಯರ ತಲೆಯೊಳಗೆ ಸುತ್ತುತ್ತಿರುತ್ತದೆ.

'ಫಣಿಯಮ್ಮ'ವನ್ನು ಬಿಡದೆ ಓದಿದ ಟೀಚರ್ ಒಬ್ಬರು 'ಸಂಸ್ಕಾರ'ವನ್ನು ಆಚಾರ್ಯರು ಊರು ಬಿಟ್ಟು ನಡೆಯುತ್ತ ಹೊರಟ ಕಡೆ ನಿಲ್ಲಿಸಿದ್ದರು. "ಅವರ ಯೋಚನೆ ಮುಗಿಯೋದೇ ಇಲ್ಲ ಮಾರಾಯ್ರೇ" ಅಂದರು. ಅವರಿಗೆ ಭೈರಪ್ಪನವರ 'ಗೃಹಭಂಗ' ಕೊಟ್ಟೆ. ಸೀಮೆ ಬೇರೆ, ಪ್ಲೇಗು-ಬರಗಾಲದ ಬಯಲುಸೀಮೆ. ಆದರೆ ನಡಿಗೆ ಅದೇ, ಒಬ್ಬ ಹೆಂಗಸಿನ ಬದುಕು ವರ್ಷದಿಂದ ವರ್ಷಕ್ಕೆ. ನಂಜಮ್ಮನ ಅತ್ತೆ ಗಂಗಮ್ಮನನ್ನು ಬೈದುಕೊಳ್ಳುತ್ತಲೇ ಓದಿ ಮುಗಿಸಿದರು. ಚೀಟಿಗಳು ಕೆಲಸ ಮಾಡುತ್ತಿವೆ ಅನ್ನಿಸುತ್ತಿದೆ.

ಪುನರ್ವಸು

ಕೇಳುವ ಪ್ರಶ್ನೆ ಬದಲಾಯಿಸಿದೆ. "ನಿಮಗೆ ಏನು ಇಷ್ಟ?" ಅಂದರೆ ಜನ ಮರ್ಯಾದೆಯ ಉತ್ತರ ಕೊಡುತ್ತಾರೆ. ಕುವೆಂಪು, ಕಾರಂತ, ತೇಜಸ್ವಿ ಅಂತ ಪಟಪಟ ಹೇಳಿಬಿಡುತ್ತಾರೆ. ಶಿವಮೊಗ್ಗ ಜಿಲ್ಲೆಯಲ್ಲಿದ್ದುಕೊಂಡು ಕುವೆಂಪು ಹಿಡಿಸಲಿಲ್ಲ ಅನ್ನುವುದಕ್ಕೆ ಧೈರ್ಯ ಬೇಕು, ಅಲ್ವಾ. ಅದೇ "ಯಾವುದನ್ನು ಅರ್ಧಕ್ಕೆ ಬಿಟ್ರಿ? ಎಲ್ಲಿ ಬಿಟ್ರಿ?" ಅಂದರೆ ನಿಜ ಹೊರಬೀಳುತ್ತದೆ. ಬಿಟ್ಟ ಪುಸ್ತಕದ ಬಗ್ಗೆ ಜನ ಜಾಸ್ತಿ ಹೊತ್ತು ಮಾತಾಡುತ್ತಾರೆ, ಮುಗಿಸಿದ್ದರ ಬಗ್ಗೆ ಅಷ್ಟು ಮಾತಾಡುವುದಿಲ್ಲ.

ಹೆಚ್ಚು ಜನ ಬಿಟ್ಟಿರುವುದು 'ಮಲೆಗಳಲ್ಲಿ ಮದುಮಗಳು'. ದಪ್ಪಕ್ಕೆ ಹೆದರಿ ಅಲ್ಲ. ಮೊಬೈಲ್ ರಿಪೇರಿಯ ಹುಡುಗನೊಬ್ಬ ಸರಿಯಾಗಿ ಹೇಳಿದ: "ನಾನು ಗುತ್ತಿ, ಅವನ ನಾಯಿ ಹುಲಿಯ, ಇವರ ಹಿಂದೇನೇ ಹೋಗ್ತಿದ್ದೆ. ನಡುವೆ ಅವರನ್ನು ಬಿಟ್ಟು ಇನ್ಯಾರದೋ ಮನೆಗೆ ಕರ್ಕೊಂಡು ಹೋದ್ರು." ಕುವೆಂಪು ಬೇಕಂತಲೇ ಹಾಗೆ ಕಟ್ಟಿದ್ದು. ಇಲ್ಲಿ ಮುಖ್ಯರು, ಅಮುಖ್ಯರು ಅಂತ ಯಾರೂ ಇಲ್ಲ ಅಂತ ಶುರುವಿನಲ್ಲೇ ಹೇಳಿಬಿಟ್ಟಿದ್ದಾರೆ. ಒಬ್ಬನ ಬೆನ್ನು ಹಿಡಿದು ಹೋಗುವ ಓದುಗನಿಗೆ ಅದೇ ಕಷ್ಟ.

ಇಂಥ ಹುಡುಗನಿಗೆ ಎಲ್ಲರೂ ಕೊಡುವುದು ತೇಜಸ್ವಿಯವರ 'ಕರ್ವಾಲೊ'. ನಾನು ಕೊಡಲಿಲ್ಲ. ಮಂದಣ್ಣ, ಹಾರುವ ಓತಿ, ಆ ಹುಡುಕಾಟ, ಎಲ್ಲವೂ ಸರಿ. ಯಾರಿಗೆ ಕೊಟ್ಟರೂ ಓದುತ್ತಾರೆ. ತೊಂದರೆ ಅದೇ. ಎಲ್ಲರೂ ಓದುವ ಪುಸ್ತಕ ಕೊಟ್ಟರೆ ಆ ಓದುಗನ ಬಗ್ಗೆ ನನಗೆ ಏನೂ ಗೊತ್ತಾಗುವುದಿಲ್ಲ. ಅದರ ಬದಲು ಕಾರಂತರ 'ಬೆಟ್ಟದ ಜೀವ' ಕೊಟ್ಟೆ. 1943ರದ್ದು. ಕಾಡಿನಲ್ಲಿ ದಾರಿ ತಪ್ಪಿದವನೊಬ್ಬ ಗೋಪಾಲಯ್ಯ-ಶಂಕರಮ್ಮನ ಮನೆ ಸೇರುತ್ತಾನೆ. ಒಂದು ಮನೆ, ನಾಲ್ಕಾರು ಜನ. ಕಥೆ ಅನ್ನುವುದು ಕಮ್ಮಿ, ಮಾತು, ಊಟ, ತೋಟ, ಗುಡ್ಡವೇ ಜಾಸ್ತಿ. ಹುಡುಗ ಓದಿದ, ಖುಷಿಪಟ್ಟ. ಅಂದರೆ ನಿಧಾನ ಅವನಿಗೆ ತೊಂದರೆಯೇ ಅಲ್ಲ. ಜನಸಂದಣಿ ತೊಂದರೆ. ಅವನ ಪುಟದಲ್ಲಿ ಬರೆದುಕೊಂಡೆ.

ಪುಷ್ಯ

ಬಿಡದ ಮಳೆ. ಪುಸ್ತಕದ ರಟ್ಟಿಗೆ ಬೂಸ್ಟು ಬರುತ್ತಿದೆ. ಕಪಾಟಿನೊಳಗೆ ಹಗಲೂ ರಾತ್ರಿ ಒಂದು ಸಣ್ಣ ಬಲ್ಬು ಉರಿಸಿಟ್ಟಿದ್ದೇನೆ.

ಪಹಣಿ ಜೆರಾಕ್ಸ್ ಮಾಡಿಸಲು ಬರುವ ತೋಟದವರೊಬ್ಬರಿದ್ದಾರೆ. ಕೊಳೆ ರೋಗಕ್ಕೆ ಔಷಧಿ ಹೊಡೆಸೋಣ ಅಂದರೆ ಮಳೆ ಹೊಳವೇ ಕೊಡುತ್ತಿಲ್ಲ ಅಂತ ಸಿಟ್ಟಿನಲ್ಲಿದ್ದರು. "ಅಡಿಕೆ, ಮಳೆ, ಜಗಲಿ ಇರೋ ಪುಸ್ತಕ ಕೊಡಬೇಡ ಮಾರಾಯ. ಅದೆಲ್ಲ ಮನೇಲೇ ಇದೆ." ಮಲೆನಾಡಿನವರಿಗೆ ಮಲೆನಾಡಿನ ಕಾದಂಬರಿಯನ್ನೇ ಕೊಡುವ ಅಭ್ಯಾಸ ನಮಗೆಲ್ಲ ಇದೆ. ಇವರು ಅರ್ಧಕ್ಕೆ ಬಿಟ್ಟದ್ದು ಪತ್ತೇದಾರಿ ಪುಸ್ತಕಗಳನ್ನಂತೆ. "ಯಾರು ಮಾಡಿದ್ದು ಅಂತ ಗೊತ್ತಾದ ಮೇಲೆ ಏನುಂಟು ಅದರಲ್ಲಿ" ಅಂದರು. ಅನುಮಾನ ಬೇಕು, ಉತ್ತರ ಬೇಡ. ಯಶವಂತ ಚಿತ್ತಾಲರ 'ಶಿಕಾರಿ' ತೆಗೆದುಕೊಟ್ಟೆ.

1979ರ ಕಾದಂಬರಿ, ನಡೆಯುವುದು ಮುಂಬಯಿಯಲ್ಲಿ. ಕಂಪನಿಯ ದೊಡ್ಡ ಹುದ್ದೆಯಲ್ಲಿರುವ ನಾಗಪ್ಪನ ಮೇಲೆ ಏನೋ ಆರೋಪ. ಯಾರು ಹೂಡಿದ್ದು, ಯಾಕೆ, ಗೊತ್ತಾಗುವುದಿಲ್ಲ. ಪ್ರತಿಯೊಬ್ಬರ ಮಾತನ್ನೂ ತಿರುಗಿಸಿ ಮುರುಗಿಸಿ ನೋಡುತ್ತಾನೆ. ಸುಲಭದ ಪುಸ್ತಕ ಅಲ್ಲ. ಸಾಹಿತ್ಯ ಓದಿದವರೇ ನಡುವೆ ಕೆಳಗಿಡುತ್ತಾರೆ. ಇವರು ನಾಗಪ್ಪನನ್ನು ಪೂರ್ತಿ ತಮ್ಮವನನ್ನಾಗಿ ಮಾಡಿಕೊಂಡು ಬಂದರು. "ಇದು ನನ್ನ ಪಾರ್ಟಿಷನ್ ಕೇಸೇ ಕಣೋ. ನೋಟಿಸ್ ಬಂದ ದಿನದಿಂದ ತಮ್ಮ ನಕ್ಕರೂ ಅನುಮಾನ, ನಗದಿದ್ದರೂ ಅನುಮಾನ" ಅಂದರು. ಮುಂಬಯಿ ಕಾಣದವರಿಗೆ ಮುಂಬಯಿಯ ಆಫೀಸು ಇಷ್ಟು ಹತ್ತಿರವಾಗಿದ್ದು ನೋಡಿ ನನಗೆ ಭಾರಿ ಖುಷಿಯಾಯಿತು.

ಅದರ ಬೆನ್ನಿಗೇ ವಿವೇಕ ಶಾನಭಾಗರ 'ಘಾಚರ್ ಘೋಚರ್' ಕೊಟ್ಟೆ. ಸಣ್ಣದು, ಒಂದು ರಾತ್ರಿಗೆ ಆಗುತ್ತದೆ. ದಿಢೀರ್ ದುಡ್ಡು ಕಂಡ ಬೆಂಗಳೂರಿನ ಒಂದು ಮನೆ, ಕಾಫಿ ಹೌಸಿನಲ್ಲಿ ಕೂತು ಅದನ್ನು ನೆನೆಯುವ ಮಗ. ಹೇಳದೇ ಬಿಟ್ಟದ್ದೇ ಅದರಲ್ಲಿ ಜಾಸ್ತಿ. ಮರುದಿನ ಶಟರ್ ಎತ್ತುವ ಹೊತ್ತಿಗೆ ಕೊಡೆ ಮಡಚುತ್ತ ನಿಂತಿದ್ದರು. "ಕೊನೆಗೆ ಏನಾಯ್ತು ಅಂತ ನೀನು ಹೇಳು." ನಾನು ಹೇಳಲಿಲ್ಲ. ಬೈದುಕೊಂಡೇ "ಇಂಥದ್ದು ಇನ್ನೊಂದು ಕೊಡು" ಅಂದರು.

ಇವರಿಗೆ ಪೂರ್ತಿ ಉಲ್ಟಾ ಒಬ್ಬರು ಶರಾವತಿ ಹಿನ್ನೀರಿನಾಚೆಯ ತುಮರಿ ಕಡೆಯ ಮೇಷ್ಟ್ರು. ಅವರ ಪುಟದಲ್ಲಿ ಇದ್ದದ್ದು: ಲಾಂಚ್ ಕಾಯುವಾಗ ಓದುವವರು, ತೆಳ್ಳಗಿನ ಪುಸ್ತಕ, ಎಲ್ಲಿ ಬೇಕಾದರೂ ನಿಲ್ಲಿಸುವಂತಿರಬೇಕು. ಈ ಜುಲೈ 14ಕ್ಕೆ ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ಶುರುವಾಯಿತು. ಹಿನ್ನೀರು ದಾಟುವುದು ಈಗ ನಾಲ್ಕೈದು ನಿಮಿಷದ ಮಾತು. "ಓದೋ ಹೊತ್ತೇ ಹೋಯ್ತಲ್ಲ" ಅಂತ ನಗುತ್ತಾರೆ. ಸೇತುವೆಗಾಗಿ ಅಷ್ಟು ವರ್ಷ ಕಾದವರೂ ಅವರೇ.

ಅವರಿಗೆ ಬೇಕಾಗಿರುವುದು ಮುಳುಗಡೆಯ ಕಥೆ ಮಾತ್ರ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿದಾಗ ಜಮೀನು ಕಳೆದುಕೊಂಡ ಮನೆತನ ಅವರದು. ಈ ಜನವರಿಯಲ್ಲಿ ತೀರಿಕೊಂಡ ನಮ್ಮೂರಿನ ನಾ. ಡಿಸೋಜರ 'ದ್ವೀಪ'ವನ್ನು ಅವರೇ ಹೆಸರು ಹೇಳಿ ಕೇಳಿ ಒಯ್ದರು. ನೀರು ಏರುತ್ತಿರುವಾಗ ಗುಡ್ಡದ ಮೇಲೆ ಉಳಿದುಬಿಡುವ ಗಣಪಯ್ಯ-ನಾಗವೇಣಿಯ ಕಥೆ. ಮೇಷ್ಟ್ರು ಅದನ್ನು ಕಥೆಯಾಗಿ ಓದುವುದಿಲ್ಲ, ತನಿಖೆ ಮಾಡುತ್ತಾರೆ. ಪರಿಹಾರದ ಮಾತು ಎಲ್ಲಿ ಬರುತ್ತದೆ, ದನಗಳನ್ನು ಏನು ಮಾಡಿದರು, ಯಾರು ಮೊದಲು ಎದ್ದು ಹೋದರು. ಮನೆಯಲ್ಲಿ ಕೇಳಿದ್ದಕ್ಕೂ ಪುಸ್ತಕಕ್ಕೂ ತಾಳೆ ಹಾಕುತ್ತಾರೆ. ವಿಷಯ ಲೆಕ್ಕಕ್ಕೇ ಇಲ್ಲ ಅನ್ನುವ ನನ್ನ ವಾದಕ್ಕೆ ಇವರೊಬ್ಬರು ಅಡ್ಡ ನಿಂತಿದ್ದಾರೆ. ನಿಲ್ಲಲಿ. ಮುಂದಿನ ಸರದಿಗೆ ಅದೇ ಡಿಸೋಜರ 'ಮುಳುಗಡೆ' ತೆಗೆದಿಟ್ಟಿದ್ದೇನೆ.

ಆಶ್ಲೇಷ

ಮೇ ತಿಂಗಳಲ್ಲಿ ಬಾನು ಮುಷ್ತಾಕರ ಕಥೆಗಳ ಇಂಗ್ಲಿಷ್ ಪುಸ್ತಕಕ್ಕೆ ಇಂಟರ್‌ನ್ಯಾಷನಲ್ ಬೂಕರ್ ಬಂದಾಗಿನಿಂದ "ಆ ಬೂಕರ್ ಪುಸ್ತಕ ಇದ್ಯಾ" ಅಂತ ಕೇಳುವವರು ಜಾಸ್ತಿ. ಒಳ್ಳೇದೇ. ಕನ್ನಡದ ಕಥೆಗಳನ್ನೇ ಕೊಡುತ್ತೇನೆ. ಆದರೆ ಅರ್ಧಕ್ಕೆ ಬಿಟ್ಟದ್ದು ಯಾವುದು ಅಂತ ಅವರನ್ನೂ ಕೇಳದೆ ಬಿಡುವುದಿಲ್ಲ.

ಕಪಾಟಿನಲ್ಲಿ ಅಲುಗಾಡದೆ ಕೂತಿದ್ದದ್ದು ದೇವನೂರ ಮಹಾದೇವರ 'ಕುಸುಮಬಾಲೆ'. ಆ ಸೀಮೆಯ ಮಾತು ನಮ್ಮ ಕಡೆಯವರ ಕಣ್ಣಿಗೆ ತೊಡರುತ್ತದೆ, ಮೊದಲ ಪುಟಕ್ಕೇ ವಾಪಸ್. ನಂಜನಗೂಡು ಕಡೆಯಿಂದ ವರ್ಗವಾಗಿ ಬಂದ ಬ್ಯಾಂಕಿನ ಮೇಡಂ ಒಬ್ಬರು ಕರೆಂಟು ಹೋದ ಒಂದು ಮಧ್ಯಾಹ್ನ ಅದನ್ನು ಗಟ್ಟಿಯಾಗಿ ಓದಿದರು, ತಮ್ಮ ಮನೆಮಾತಿನ ರಾಗದಲ್ಲಿ. ಫೋಟೋ ಲ್ಯಾಮಿನೇಷನ್‌ಗೆ ಬಂದವರೂ ನಿಂತು ಕೇಳಿದರು. ಈಗ ಅದು ಕಪಾಟಿನಲ್ಲಿಲ್ಲ, ಕೇಳುವವರ ಸಾಲಿದೆ. ಚೀಟಿಗೆ ಒಂದು ಸಾಲು ಸೇರಿಸಿದೆ: ಬಾಯಿಬಿಟ್ಟು ಓದುವವರಿಗೆ.

ಮಘೆ

ಬಾಕಿ ಉಳಿದಿರುವುದು ಒಂದು ಪುಟ. ರಾತ್ರಿ ಪಾಳಿಯ ನರ್ಸಮ್ಮ. ಅವರ ಬೇಡಿಕೆ ಇಷ್ಟು: ನಗು ಬರಬೇಕು, ಯಾರೂ ಸಾಯಬಾರದು, ಎದ್ದು ಹೋಗಿ ಬಂದರೆ ಎಳೆ ತಪ್ಪಬಾರದು. "ಸಾವು ನಂಗೆ ಡ್ಯೂಟೀಲೇ ಸಿಗುತ್ತೆ ಅಣ್ಣಾ." ಕಪಾಟಿನ ಮುಂದೆ ನಿಂತು ನೋಡಿದೆ. ಅಬ್ಬಾ, ನಮ್ಮ ಗಂಭೀರ ಕಾದಂಬರಿಗಳಲ್ಲಿ ಸಾಯುವವರೇ ಎಷ್ಟು ಜನ! ಪ್ಲೇಗು, ಬರ, ಹೊಳೆ, ಹೆರಿಗೆ, ಯಾವುದಾದರೊಂದು ಇದ್ದೇ ಇದೆ.

ತೇಜಸ್ವಿಯವರ 'ಚಿದಂಬರ ರಹಸ್ಯ' ಕೈಗೆತ್ತಿಕೊಂಡೆ. ನಗು ಬೇಕಾದಷ್ಟಿದೆ. ಆದರೆ ಕೊನೆಯ ಬೆಂಕಿ ನೆನಪಾಗಿ ಮತ್ತೆ ಒಳಗಿಟ್ಟೆ. ಸದ್ಯಕ್ಕೆ ಗೊರೂರರ 'ನಮ್ಮ ಊರಿನ ರಸಿಕರು' ಕೊಟ್ಟಿದ್ದೇನೆ. ಬಿಡಿ ಬಿಡಿ ಪ್ರಸಂಗ, ಎಲ್ಲಿಂದ ಬೇಕಾದರೂ ಶುರು ಮಾಡಬಹುದು. ವಾರ್ಡಿನಲ್ಲಿ ಬಾಯಿಗೆ ಸೆರಗು ಹಿಡಿದು ನಕ್ಕರಂತೆ. ಆದರೂ "ಇದು ಕಾದಂಬರಿ ಅಲ್ವಲ್ಲ" ಅಂತ ವಾಪಸ್ ತಂದರು. ಮುಂದಿನ ವಾರ ಅವರಿಗೆ ಮತ್ತೆ ರಾತ್ರಿ ಪಾಳಿ. ಅಷ್ಟರೊಳಗೆ ಒಮ್ಮೆ ಹೆಗ್ಗೋಡಿಗೆ ಹೋಗಿ ಅಕ್ಷರ ಪ್ರಕಾಶನದಲ್ಲಿ ಹುಡುಕಿ ಬರಬೇಕು.